ಕ್ರೂಸ್ ಕಿಡ್ಸ್ ಕ್ಲಬ್: ಆರು ವರ್ಷದ ಅಕ್ಕ, ಮೂರು ತುಂಬದ ತಮ್ಮ, ಇಬ್ಬರಿಗೂ ಯಾವುದು ಸರಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಡಲ್ಲಾಸ್‌ನಲ್ಲಿದ್ದೀರಿ, ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್‌ಗೆ ಗ್ಯಾಲ್ವಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್ ನೋಡುತ್ತಿದ್ದೀರಿ. ಮಗಳಿಗೆ ಆರು. ಮಗನಿಗೆ ಮೂರು ತುಂಬಲು ಇನ್ನು ಕೆಲವೇ ತಿಂಗಳು, ಡಯಾಪರ್ ಪೂರ್ತಿ ಬಿಟ್ಟಿಲ್ಲ. ಊರಿಂದ ಅತ್ತೆ-ಮಾವನೂ ಬರುತ್ತಾರೆ. ಯಾವ ಕಂಪನಿಯ ಕಿಡ್ಸ್ ಕ್ಲಬ್ (ಹಡಗಿನಲ್ಲಿ ಮಕ್ಕಳನ್ನು ಸಿಬ್ಬಂದಿಯ ಹತ್ತಿರ ಬಿಡುವ ಆಟದ ಜಾಗ) ಇಬ್ಬರಿಗೂ ಹೊಂದುತ್ತದೆ?

ನಾವು ಹ್ಯೂಸ್ಟನ್ ಕಡೆಯವರು. ಬಂದರು ಹತ್ತಿರ ಇರುವುದರಿಂದ ಕ್ರೂಸ್ ನಮಗೆ ಅಭ್ಯಾಸವಾಗಿದೆ. ನಮ್ಮನೆಯಲ್ಲೂ ಅಕ್ಕ-ತಮ್ಮನ ನಡುವೆ ಹೆಚ್ಚುಕಡಿಮೆ ಇಷ್ಟೇ ಅಂತರ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಯೂಟ್ಯೂಬ್ ವಿಡಿಯೋಗಳಲ್ಲಿ ಕ್ಲಬ್‌ನ ಬಣ್ಣ, ಸ್ಲೈಡು, ಗೇಮ್‌ಗಳನ್ನೆಲ್ಲ ತೋರಿಸುತ್ತಾರೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಮಕ್ಕಳಿಗೆ ಎಲ್ಲಾ ಕ್ಲಬ್ಬೂ ಚೆನ್ನಾಗಿಯೇ ಕಾಣುತ್ತದೆ. ನೀವು ನೋಡಬೇಕಾದದ್ದು ಎರಡೇ: ವಯಸ್ಸಿನ ಗೆರೆಯನ್ನು ಎಲ್ಲಿ ಎಳೆದಿದ್ದಾರೆ, ಡಯಾಪರ್ ಹಾಕುವ ಮಗುವನ್ನು ಏನು ಮಾಡುತ್ತಾರೆ.

ಮೊದಲು ಗೆರೆಯ ಮಾತು. ಕಾರ್ನಿವಲ್ ಕಂಪನಿಯ ಕ್ಲಬ್ ಆದ ಕ್ಯಾಂಪ್ ಓಷನ್‌ನಲ್ಲಿ 2ರಿಂದ 5 ವರ್ಷದವರದು ಒಂದು ಗುಂಪು, 6ರಿಂದ 8 ಇನ್ನೊಂದು, 9ರಿಂದ 11 ಮತ್ತೊಂದು. ರಾಯಲ್ ಕೆರಿಬಿಯನ್‌ನ ಅಡ್ವೆಂಚರ್ ಓಷನ್‌ನಲ್ಲಿ ಚಿಕ್ಕವರ ಗುಂಪು 3ರಿಂದ 5. ನಾರ್ವೀಜಿಯನ್‌ನ ಸ್ಪ್ಲಾಶ್ ಅಕಾಡೆಮಿಯಲ್ಲೂ 3ರಿಂದ 5, ಆಮೇಲೆ 6ರಿಂದ 9. ಅಂದರೆ ಈ ಮೂರರಲ್ಲೂ ಗೆರೆ ಬೀಳುವುದು ಸರಿಯಾಗಿ ಆರಕ್ಕೆ. ನಿಮ್ಮ ಮಗಳು ಆ ಕಡೆ, ಮಗ ಈ ಕಡೆ. ಎಂಎಸ್‌ಸಿ ಕಂಪನಿಯಲ್ಲಿ ಮಿನಿ ಕ್ಲಬ್ 3ರಿಂದ 6, ಜೂನಿಯರ್ಸ್ ಕ್ಲಬ್ 7ರಿಂದ 11. ಅಲ್ಲಿ ಮಗನಿಗೆ ಮೂರು ತುಂಬಿದ್ದರೆ ಇಬ್ಬರೂ ಒಂದೇ ಗುಂಪು. ಡಿಸ್ನಿಯಲ್ಲಿ 3ರಿಂದ 10ರವರೆಗೆ ಎಲ್ಲರಿಗೂ ಓಷನಿಯರ್ ಕ್ಲಬ್ಬೇ, ಚಿಕ್ಕವರು ದೊಡ್ಡವರು ಒಟ್ಟಿಗೆ ಓಡಾಡಬಹುದು. ಮಕ್ಕಳು ಅವರೇ, ಕಂಪನಿ ಬದಲಾದರೆ ರಜೆಯೇ ಬೇರೆ ಥರ ಆಗುತ್ತದೆ.

ಈಗ ಡಯಾಪರ್. ನಿಮ್ಮ ವಿಷಯದಲ್ಲಿ ಇದೇ ದೊಡ್ಡ ಪ್ರಶ್ನೆ. ರಾಯಲ್ ಕೆರಿಬಿಯನ್ ಮತ್ತು ಡಿಸ್ನಿ ಎರಡೂ ಕಡೆ ಮುಖ್ಯ ಕ್ಲಬ್ಬಿಗೆ ಹೋಗಲು ಮೂರು ವರ್ಷ ತುಂಬಿರಬೇಕು, ಜೊತೆಗೆ ಮಗು ತಾನೇ ಟಾಯ್ಲೆಟ್‌ಗೆ ಹೋಗುವುದನ್ನು ಕಲಿತಿರಬೇಕು. ಪುಲ್-ಅಪ್ಸ್ (ಚಡ್ಡಿಯ ಹಾಗೆ ಹಾಕುವ ಡಯಾಪರ್) ಕೂಡ ನಡೆಯುವುದಿಲ್ಲ. ಮೂರರ ಒಳಗಿನವರಿಗೆ ನರ್ಸರಿ ಇದೆ, ಆರು ತಿಂಗಳಿಂದಲೇ ತೆಗೆದುಕೊಳ್ಳುತ್ತಾರೆ. ಆದರೆ ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು, ಜಾಗವೂ ಕಡಿಮೆ. ಈಗ ಯೋಚನೆ ಮಾಡಿ. ಹಡಗು ಹತ್ತುವ ಮೊದಲೇ ಮಗನಿಗೆ ಮೂರು ತುಂಬಿಬಿಟ್ಟಿತು, ಡಯಾಪರ್ ಮಾತ್ರ ಬಿಟ್ಟಿಲ್ಲ ಅಂತ ಇಟ್ಟುಕೊಳ್ಳಿ. ನರ್ಸರಿಗೆ ವಯಸ್ಸು ಜಾಸ್ತಿ ಆಯಿತು ಅನ್ನಬಹುದು, ಕ್ಲಬ್ಬಿಗೆ ಡಯಾಪರ್ ಅಡ್ಡ. ಹಾಗಾದರೆ ಏಳು ದಿನವೂ ಅವನು ನಿಮ್ಮ ಕಂಕುಳಲ್ಲೇ! ಹುಟ್ಟುಹಬ್ಬದ ಹಿಂದೆಮುಂದೆ ಟಿಕೆಟ್ ಬುಕ್ ಮಾಡುವವರು ಇದನ್ನು ಗಮನಿಸುವುದೇ ಇಲ್ಲ. ಲೆಕ್ಕಕ್ಕೆ ಬರುವುದು ಹಡಗು ಹೊರಡುವ ದಿನದ ವಯಸ್ಸು.

ಕಾರ್ನಿವಲ್‌ನಲ್ಲಿ ಈ ತಲೆನೋವು ಇಲ್ಲ. ಎರಡು ವರ್ಷಕ್ಕೇ ಸೇರಿಸಿಕೊಳ್ಳುತ್ತಾರೆ. ಡಯಾಪರ್, ವೈಪ್ಸ್ ನೀವು ಕೊಟ್ಟರೆ ಸಿಬ್ಬಂದಿಯೇ ಬದಲಾಯಿಸುತ್ತಾರೆ. ಹಗಲಿನ ಆಟಕ್ಕೆಲ್ಲ ಬೇರೆ ದುಡ್ಡು ಇಲ್ಲ. ರಾತ್ರಿ ಹತ್ತರ ಮೇಲೆ ಬಿಟ್ಟರೆ ಮಾತ್ರ ಚಾರ್ಜು. ನಾರ್ವೀಜಿಯನ್‌ನಲ್ಲಿ ಮೂರು ತುಂಬಿದ ಮಗು ಡಯಾಪರ್‌ನಲ್ಲಿದ್ದರೂ ಬಿಡುತ್ತಾರೆ, ಬದಲಾಯಿಸಲು ಮಾತ್ರ ಅಪ್ಪ-ಅಮ್ಮನನ್ನೇ ಕರೆಯುತ್ತಾರೆ. ಸ್ಪಾದಲ್ಲಿ ಮಲಗಿದ್ದಾಗ ಕರೆ ಬಂದರೆ ಎದ್ದು ಓಡಬೇಕು, ಅಷ್ಟೇ.

ಡಯಾಪರ್ ಜೊತೆಗೇ ಬರುವ ಇನ್ನೊಂದು ವಿಷಯ ಈಜುಕೊಳ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಡಯಾಪರ್ ಹಾಕಿದ ಮಗುವನ್ನು ಪೂಲ್‌ಗೆ ಇಳಿಸುವ ಹಾಗಿಲ್ಲ. ಸ್ವಿಮ್ ಡಯಾಪರ್ ಹಾಕಿದ್ದರೂ ಇಲ್ಲ. ಆರೋಗ್ಯ ಇಲಾಖೆಯ ನಿಯಮ, ಸಿಬ್ಬಂದಿ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ. ಕೆಲವು ಹಡಗುಗಳಲ್ಲಿ ಪುಟಾಣಿಗಳಿಗೆಂದೇ ನೀರು ಚಿಮ್ಮುವ ಸಣ್ಣ ಜಾಗ ಇರುತ್ತದೆ. ನಿಮ್ಮ ಹಡಗಿನಲ್ಲಿ ಅದು ಇದೆಯಾ ಅಂತ ಮೊದಲೇ ನೋಡಿ. ಅಕ್ಕ ನೀರಲ್ಲಿ ಕುಣಿಯುತ್ತಿರುವಾಗ ದಡದಲ್ಲಿ ಕೂತ ಎರಡೂವರೆ ವರ್ಷದವನ ರಂಪ ಸಹಿಸುವುದು ಸುಲಭ ಅಲ್ಲ.

ಇನ್ನು, ಇಬ್ಬರೂ ಒಟ್ಟಿಗೇ ಇರಬೇಕಾ? ಎಲ್ಲರೂ ಹೌದು ಅನ್ನುತ್ತಾರೆ. ನನಗೆ ಅಷ್ಟೇನೂ ಒಪ್ಪಿಗೆ ಇಲ್ಲ. ಒಂದು ಸಲ ನಮ್ಮ ಮಕ್ಕಳು ಒಂದೇ ಕೋಣೆಯಲ್ಲಿದ್ದರು. ತಮ್ಮ ಮುಖ ಸಣ್ಣ ಮಾಡಿದಾಗಲೆಲ್ಲ ಅಲ್ಲಿ ಕೆಲಸ ಮಾಡುವ ಹುಡುಗಿಯರು ಮಗಳನ್ನು ಕರೆಯುತ್ತಿದ್ದರು, "ನಿನ್ನ ತಮ್ಮನನ್ನು ಸ್ವಲ್ಪ ಸಮಾಧಾನ ಮಾಡ್ತೀಯಾ?" ಅಂತ. ಅವರ ತಪ್ಪೇನೂ ಇಲ್ಲ, ಹತ್ತಿರದಲ್ಲೇ ಇದ್ದಳಲ್ಲ. ಆದರೆ ಆರು ವರ್ಷದ ಹುಡುಗಿ ರಜೆಗೆ ಬಂದು ತಮ್ಮನ ಆಯಾ ಆಗಿಬಿಟ್ಟಳು. ಇನ್ನೊಂದು ಸಲ ಬೇರೆ ಬೇರೆ ಗುಂಪಿಗೆ ಹೋದರು. ಚಿಕ್ಕವನು ಮೊದಲು ಬಾಗಿಲಲ್ಲೇ ಅತ್ತ. ಆಮೇಲೆ ಆಟದ ಅಡುಗೆಮನೆ ಕಣ್ಣಿಗೆ ಬಿದ್ದ ಮೇಲೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡವಳು ತನ್ನ ವಯಸ್ಸಿನವರ ಜೊತೆ ಸೇರಿಕೊಂಡಳು, ಊಟಕ್ಕೆ ಕರೆದರೆ ನಮಗೇ ಬೈಗುಳ.

ಹಾಗಂತ ಇದು ಎಲ್ಲ ಮಕ್ಕಳಿಗೂ ಅನ್ವಯಿಸುವುದಿಲ್ಲ. ಅಪರಿಚಿತರ ನಡುವೆ ಬಾಯಿ ಬಿಡದ ಮಗುವಿಗೆ ಅಕ್ಕ ಪಕ್ಕದಲ್ಲಿದ್ದರೆ ಧೈರ್ಯ. ನಿಮ್ಮ ಮಗ ಡೇಕೇರ್‌ಗೆ ಹೋಗಿ ಅಭ್ಯಾಸವಿದ್ದರೆ ಬೇರೆ ಗುಂಪಿಗೆ ಹೆದರಬೇಡಿ. ಇಷ್ಟು ದಿನ ಮನೆಯಲ್ಲೇ ಇದ್ದವನಾದರೆ ಒಂದೇ ಕ್ಲಬ್ ವಾಸಿ. ದೊಡ್ಡವಳನ್ನು ಒಂದೆರಡು ಗಂಟೆ ಚಿಕ್ಕವರ ಗುಂಪಿಗೆ ಕಳಿಸಬಹುದಾ ಅಂತ ಬುಕ್ ಮಾಡುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಚಿಕ್ಕವನನ್ನು ದೊಡ್ಡವರ ಗುಂಪಿಗೆ ಕೇಳುವ ಆಸೆ ಬಿಟ್ಟುಬಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮಾರ್ಚ್ ಹೊತ್ತಿಗೂ ಮಗನಿಗೆ ಮೂರು ತುಂಬಿರುವುದಿಲ್ಲ ಅಥವಾ ಡಯಾಪರ್ ಬಿಡುವುದು ಅನುಮಾನ ಅಂದರೆ, ಸುಮ್ನೆ ಕಾರ್ನಿವಲ್. ಗ್ಯಾಲ್ವಸ್ಟನ್‌ನಿಂದ 2023ರ ಕೊನೆಯಿಂದ ಓಡುತ್ತಿರುವ ಜುಬಿಲಿ ದೊಡ್ಡ ಹಡಗು, ಅಜ್ಜಿ-ತಾತನಿಗೂ ಹೊತ್ತು ಹೋಗುತ್ತದೆ. ಮೂರು ತುಂಬಿ ಡಯಾಪರ್ ಬಿಟ್ಟಿದ್ದಾನೆ, ಅಕ್ಕನನ್ನು ಬಿಟ್ಟಿರುವುದಿಲ್ಲ ಅಂದರೆ ಡಿಸ್ನಿ. ಅದು ಗ್ಯಾಲ್ವಸ್ಟನ್‌ಗೆ ವರ್ಷವಿಡೀ ಬರುವುದಿಲ್ಲ, ನಿಮ್ಮ ವಾರಕ್ಕೆ ಇದೆಯಾ ನೋಡಿ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಅಲ್ಲಿ ಒಂದು ಅನುಕೂಲ ನನಗೆ ತುಂಬಾ ಇಷ್ಟ. ಎರಡನೇ ಪಂಕ್ತಿಯ ರಾತ್ರಿ ಊಟಕ್ಕೆ ಕೂತರೆ ಮಕ್ಕಳಿಗೆ ಬೇಗ ಬಡಿಸಿ, ಕ್ಲಬ್ಬಿನವರೇ ಊಟದ ಹಾಲ್‌ಗೆ ಬಂದು ಕರೆದುಕೊಂಡು ಹೋಗುತ್ತಾರೆ. ನೀವು ಬಿಸಿ ಊಟವನ್ನು ಬಿಸಿಯಾಗಿಯೇ ತಿನ್ನಬಹುದು. ದುಡ್ಡು ಜಾಸ್ತಿ ಅನಿಸಿದರೆ ಎಂಎಸ್‌ಸಿ ನೋಡಿ, ಅವರ ಸೀಸ್ಕೇಪ್ ಹಡಗು 2025ರ ನವೆಂಬರ್‌ನಲ್ಲಿ ಗ್ಯಾಲ್ವಸ್ಟನ್‌ಗೆ ಬಂತು. ಮಗಳಿಗೆ ಅಷ್ಟರಲ್ಲಿ ಏಳು ತುಂಬುವುದಾದರೆ ಮಾತ್ರ ಆ ಲೆಕ್ಕ ಕೆಡುತ್ತದೆ.

ನರ್ಸರಿಯೇ ಬೇಕು ಅಂದರೆ ಆನ್‌ಲೈನ್ ಬುಕಿಂಗ್ ತೆರೆದ ದಿನವೇ ಕೂತು ಮಾಡಿ. ಗ್ಯಾಲ್ವಸ್ಟನ್‌ನಿಂದ ಮೆಕ್ಸಿಕೋ ಕಡೆಗೆ ಹೋಗುವಾಗ ಮತ್ತು ಬರುವಾಗ ಇಡೀ ದಿನ ನೀರಿನ ಮೇಲೇ ಇರುತ್ತೀರಿ. ಆ ದಿನಗಳ ಗಂಟೆಗಳೇ ಮೊದಲು ಖಾಲಿಯಾಗುವುದು. ಹಡಗು ಹತ್ತಿದ ಮಧ್ಯಾಹ್ನ ಕ್ಲಬ್ ಎಲ್ಲರಿಗೂ ತೆರೆದಿರುವ ಹೊತ್ತು ಸಾಮಾನ್ಯವಾಗಿ ಇರುತ್ತದೆ. ಬಫೆ ಸಾಲು ಬಿಟ್ಟು ಮೊದಲು ಅಲ್ಲಿಗೆ ಹೋಗಿ, ಇಬ್ಬರಿಗೂ ಕೋಣೆ ತೋರಿಸಿ. ಆಮೇಲೆ ಕ್ಲಬ್ ನಡೆಯುವ ಹೊತ್ತಿನಲ್ಲಿ ದೊಡ್ಡವರನ್ನು ಒಳಗೆ ಬಿಡುವುದಿಲ್ಲ.

ಮಗ ಮನೆಯಲ್ಲಿ ಕನ್ನಡ ಮಾತ್ರ ಆಡುವವನಾದರೆ ನೀರು, ಹಸಿವು, ಬಾತ್‌ರೂಮ್ ಇಷ್ಟನ್ನಾದರೂ ಇಂಗ್ಲಿಷಿನಲ್ಲಿ ಕೇಳುವುದನ್ನು ಕಲಿಸಿ. ಸಸ್ಯಾಹಾರಿಗಳಾದರೆ, ಮೊಟ್ಟೆಯೂ ಬೇಡವಾದರೆ, ನೋಂದಣಿ ಫಾರ್ಮ್‌ನಲ್ಲಿ ಬಿಡಿಸಿ ಬರೆಯಿರಿ. ಬರೀ ವೆಜಿಟೇರಿಯನ್ ಅಂದರೆ ಮೊಟ್ಟೆ ಹಾಕಿದ ಪ್ಯಾನ್‌ಕೇಕ್ ಬರುತ್ತದೆ.

ಅತ್ತೆ-ಮಾವನ ವಿಷಯ. "ನಾವಿರುವಾಗ ಮಕ್ಕಳನ್ನು ಯಾಕೆ ಯಾರ ಹತ್ತಿರವೋ ಬಿಡ್ತೀರಿ?" ಅಂತ ಕೇಳೇ ಕೇಳುತ್ತಾರೆ. ವಾದ ಬೇಡ, ಅವರನ್ನೂ ಮೊದಲ ದಿನ ಕ್ಲಬ್ಬಿಗೆ ಕರೆದುಕೊಂಡು ಹೋಗಿ. ಅಲ್ಲೇ ಮಕ್ಕಳನ್ನು ವಾಪಸ್ ಕರೆದುಕೊಂಡು ಹೋಗಬಹುದಾದವರ ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಸೇರಿಸಿ. ಹೆಸರಿಲ್ಲದಿದ್ದರೆ ಸ್ವಂತ ಅಜ್ಜಿಯ ಕೈಗೂ ಮಗುವನ್ನು ಕೊಡುವುದಿಲ್ಲ.