ಮನೆ ಕಟ್ಟುವವರ ಪ್ರಶ್ನೆ: ನೆಲಕ್ಕೂ ಹೀಟರ್ ಬೇಕಾ?

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಜರ್ಮನಿಯಲ್ಲಿರುವ ಮಗನ ಮನೆಯಲ್ಲಿ ನೆಲದಡಿಯಲ್ಲೇ ಬಿಸಿನೀರಿನ ಪೈಪ್ ಇದೆ, ನಮ್ಮಲ್ಲೂ ಹಾಕಿಸೋಣ ಅನ್ನುತ್ತಾನೆ. ನಮ್ಮದು ಗ್ರಾನೈಟ್ ನೆಲ. ಡಿಸೆಂಬರ್ ಬಂತೆಂದರೆ ಅತ್ತೆ ನೆಲಕ್ಕೆ ಕಾಲಿಡಲು ಹೆದರುತ್ತಾರೆ. ಸೋಲಾರ್ ನೀರನ್ನೇ ಪೈಪಿಗೆ ಬಿಡಬಹುದು ಎಂದು ಪ್ಲಂಬರ್ ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಇಡೀ ಮನೆಗೆ ಬೇಡ. ಅತ್ತೆಯವರ ಕೋಣೆಗೆ ಬೇಕಾದರೆ ಯೋಚಿಸಿ.

ಮಗ ಹೇಳುವುದರಲ್ಲಿ ತಪ್ಪಿಲ್ಲ. ಗೋಡೆಗೆ ತಗುಲಿಸುವ ಹಳೇ ರೇಡಿಯೇಟರ್‌ಗೆ 60-70 ಡಿಗ್ರಿ ನೀರು ಬೇಕು. ನೆಲದ ತುಂಬ ಹರಡಿದ ಪೈಪಿಗೆ 35-40 ಸಾಕು. ಅಷ್ಟು ಕಡಿಮೆ ಬಿಸಿ ಸಾಕಾದಾಗ ಹೀಟ್ ಪಂಪ್ (ಹೊರಗಿನ ಶಾಖವನ್ನೇ ಎಳೆದು ನೀರಿಗೆ ಕೊಡುವ ಯಂತ್ರ) ಒಂದು ಯೂನಿಟ್ ಕರೆಂಟ್ ತಗೊಂಡು ಮೂರು-ನಾಲ್ಕು ಯೂನಿಟ್ ಶಾಖ ಕೊಡುತ್ತದೆ. ಉಳಿತಾಯ ಇರುವುದು ಅಲ್ಲಿ. ಆದರೆ ಜರ್ಮನಿಯವರಿಗೆ ಚಳಿ ತಿಂಗಳುಗಟ್ಟಲೆ, ಹಗಲೂ ರಾತ್ರಿ. ನಮಗೆ ಬೆಳಗಿನ ಜಾವ ಮಾತ್ರ, ಹನ್ನೊಂದಕ್ಕೆಲ್ಲ ಬಿಸಿಲು ಚುರುಕು. ಕಾಂಕ್ರೀಟ್ ಕಾಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಐದಕ್ಕೆ ಬೆಚ್ಚಗಿರಬೇಕೆಂದರೆ ನಡುರಾತ್ರಿಯೇ ಸ್ವಿಚ್ ಹಾಕಬೇಕು. ಆ ನೆಲ ಆರುವಷ್ಟರಲ್ಲಿ ನೀವು ಫ್ಯಾನ್ ಹಾಕಿಕೊಂಡಿರುತ್ತೀರಿ.

ಪ್ಲಂಬರ್ ಐಡಿಯಾ ಕೇಳೋಕೆ ಚೆನ್ನಾಗಿದೆ. 200 ಲೀಟರ್ ನೀರು 60ರಿಂದ 35 ಡಿಗ್ರಿಗೆ ಇಳಿದರೆ ಸುಮಾರು ಆರು ಯೂನಿಟ್ ಶಾಖ ಸಿಗುತ್ತದೆ. ಒಂದು ಕೋಣೆಗೆ ಒಂದು ರಾತ್ರಿಗೆ ಸಾಕು. ಬೆಳಗ್ಗೆ ಸ್ನಾನಕ್ಕೆ? ಅದನ್ನು ಅವರು ಹೇಳಿರಲಿಕ್ಕಿಲ್ಲ! ಇನ್ನೊಂದು, ನಮ್ಮ ಕಡೆಯ ಬೋರ್‌ವೆಲ್ ನೀರು. ಹಳೇ ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿದ್ದು ನೋಡಿದ್ದೀರಲ್ವಾ? ಅದೇ ಸುಣ್ಣ ನೆಲದೊಳಗಿನ ಪೈಪಿನಲ್ಲಿ ಕಟ್ಟಿದರೆ ಗ್ರಾನೈಟ್ ಒಡೆಯದೆ ದಾರಿಯಿಲ್ಲ. ಪೈಪಿನ ನೀರು ಬೇರೆಯೇ ಇರಬೇಕು, ಒಳಗೊಳಗೇ ಸುತ್ತುತ್ತಿರಬೇಕು. ಅದಕ್ಕೆ ಹೀಟ್ ಎಕ್ಸ್‌ಚೇಂಜರ್ (ಎರಡು ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಸಾಧನ), ಪಂಪ್ ಅಂತ ಖರ್ಚು ಬೆಳೆಯುತ್ತದೆ.

ಇನ್ನು ನಿಮ್ಮ ಗ್ರಾನೈಟ್. ಬೆಳಗ್ಗೆ ಒಂದು ಕಾಲು ಬರಿ ಕಲ್ಲಿನ ಮೇಲೆ, ಇನ್ನೊಂದು ರಾತ್ರಿಯಿಡೀ ಅಲ್ಲೇ ಹಾಸಿದ್ದ ಚಾಪೆಯ ಮೇಲೆ ಇಟ್ಟು ನೋಡಿ. ಥರ್ಮಾಮೀಟರ್ ಇಟ್ಟರೆ ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸುತ್ತದೆ. ಕಾಲಿಗೆ ಮಾತ್ರ ಕಲ್ಲು ಕೊರೆಯುತ್ತದೆ, ಯಾಕೆಂದರೆ ಅದು ಅಂಗಾಲಿನ ಬಿಸಿಯನ್ನು ಸರಸರ ಎಳೆದುಕೊಳ್ಳುತ್ತದೆ. ಹಾಗಾಗಿ ಅತ್ತೆಯವರ ಮಂಚದಿಂದ ಬಚ್ಚಲಿನ ತನಕ ಒಂದು ದಪ್ಪ ಕುರಿ ಕಂಬಳಿ ಹಾಸಿ. ಜಾರದ ಹಾಗೆ ಕೆಳಗೆ ರಬ್ಬರ್ ಮ್ಯಾಟ್ ಇರಲಿ, ಬಿದ್ದರೆ ಚಳಿಗಿಂತ ದೊಡ್ಡ ತಾಪತ್ರಯ. ಮನೆ ಇನ್ನೂ ಕಟ್ಟುತ್ತಿದ್ದೀರಲ್ಲ, ಆ ಕೋಣೆಗೆ ದಕ್ಷಿಣಕ್ಕೆ ಒಂದು ದೊಡ್ಡ ಕಿಟಕಿ ಇಡಿಸಿ. ದಕ್ಷಿಣಕ್ಕೆ ಕಿಟಕಿ ಬೇಡ ಅನ್ನುವವರು ಸಿಗುತ್ತಾರೆ, ಸುಮ್ನೆ ತಲೆ ಆಡಿಸಿ ಬಿಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಮಧ್ಯಾಹ್ನವೂ ಬಿಸಿಲು ಒಳಗೆ ಬಂದು ಕಲ್ಲನ್ನು ಕಾಯಿಸುತ್ತದೆ. ಏಪ್ರಿಲ್‌ನಲ್ಲಿ ನೆತ್ತಿಯ ಮೇಲಿರುತ್ತಾನೆ, ಒಂದು ಸಜ್ಜಾ ಇದ್ದರೆ ಒಳಗೆ ಬರುವುದಿಲ್ಲ. ಸಂಜೆ ಆರಕ್ಕೆ ಕಿಟಕಿ ಮುಚ್ಚಿಬಿಡಿ.

ಇಷ್ಟಾದರೂ ಬೇಕೇ ಬೇಕು ಅಂದರೆ ಆ ಒಂದು ಕೋಣೆಗೆ ಗ್ರಾನೈಟ್ ಕೆಳಗೆ ಕೂರುವ ಕರೆಂಟಿನ ಹೀಟಿಂಗ್ ಮ್ಯಾಟ್ ಹಾಕಿಸಿ. ಎಂಟು ಚದರ ಮೀಟರ್‌ಗೆ, ಮೀಟರಿಗೆ 150 ವ್ಯಾಟ್ ಲೆಕ್ಕದಲ್ಲಿ 1,200 ವ್ಯಾಟ್. ರಾತ್ರಿ ಆರು ಗಂಟೆ ಕಾಲ ಪೂರ್ತಿ ಓಡಿದರೆ ಏಳು ಯೂನಿಟ್ ದಾಟುತ್ತದೆ. ತಿಂಗಳಿಗೆ ಗೃಹಜ್ಯೋತಿಯ 200 ಯೂನಿಟ್ ಮಿತಿ ಅದೊಂದರಲ್ಲೇ ಮುಗಿಯಿತು. ಮ್ಯಾಟಿನ ಕೆಳಗೆ ಗಟ್ಟಿ ಫೋಮ್ ಹಲಗೆ ಹಾಕದಿದ್ದರೆ ಬಹಳಷ್ಟು ಶಾಖ ಮಣ್ಣಿಗೇ ಹೋಗುತ್ತದೆ. ನೆಲದೊಳಗೆ ಸೆನ್ಸರ್ ಇರುವ ಥರ್ಮೋಸ್ಟಾಟ್ ಬೇಕು, 29 ಡಿಗ್ರಿ ಮೀರಿಸಬೇಡಿ. 30 ಮಿಲಿಆಂಪ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಕೆಲಸ ಶುರು ಮಾಡಿಸಲೇಬೇಡಿ. ಮ್ಯಾಟಿನ ಮೇಲೆ ಕಂಬಳಿ ಹಾಸುವಂತಿಲ್ಲ, ಶಾಖ ಕೆಳಗೇ ಸಿಕ್ಕಿಕೊಳ್ಳುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಕಂಬಳಿ.

ಪ್ರಶ್ನೆ: ಚಾಕಿ (ಎಳೆ ರೇಷ್ಮೆ) ಹುಳುವಿನ ಕೋಣೆಗೆ ಚಳಿಗಾಲದಲ್ಲಿ ಇದೇ ಥರ ನೆಲ ಕಾಯಿಸಬಹುದಾ?
– ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ

ಉತ್ತರ: ಶಾಖ ನಿಜವಾಗಿ ಬೇಕಿರುವುದು ನಿಮಗೇ. ಚಾಕಿ ಹುಳುವಿಗೆ 26-28 ಡಿಗ್ರಿ ಬೇಕು, ಗಾಳಿಯಲ್ಲಿ ತೇವವೂ ಜಾಸ್ತಿ ಬೇಕು. ಗಾಳಿ ಬಿಸಿಯಾದಷ್ಟೂ ಒಣಗುತ್ತದೆ, ಸೊಪ್ಪು ಬಾಡುತ್ತದೆ. ಒದ್ದೆ ಗೋಣಿಚೀಲ ಕಟ್ಟುವ ಕೆಲಸ ತಪ್ಪುವುದಿಲ್ಲ. ಹುಳು ಜ್ವರಕ್ಕೆ (ಪೊರೆ ಕಳಚಲು) ಕೂತಾಗ ತೇವ ಇಳಿಸಬೇಕು, ಆಗ ಬಿಸಿ ನೆಲ ಅನುಕೂಲವೇ. ಆದರೆ ಮಧ್ಯಾಹ್ನ ಹೊರಗೆ ಬಿಸಿಲೇರಿದಾಗ ನೆಲವನ್ನು ತಟ್ಟನೆ ಆರಿಸಲಾಗದು. ಥರ್ಮೋಸ್ಟಾಟ್ ಇರುವ ಸಾಮಾನ್ಯ ರೂಮ್ ಹೀಟರ್ ನಿಮಗೆ ಹೆಚ್ಚು ಹೊಂದುತ್ತದೆ. ಇದ್ದಲಿನ ಒಲೆ ಇಡುವುದಿದ್ದರೆ ಹೊಗೆ ಹೋಗಲು ದಾರಿ ಮಾಡಿ, ಅದೇ ಕೋಣೆಯಲ್ಲಿ ಯಾರೂ ಮಲಗಬೇಡಿ.