ಎಡಿಸನ್ ಎಂಬ ಊರು

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾರೆ. ಬಲ್ಬಿನ ಎಡಿಸನ್ ಹುಟ್ಟಿದ್ದು ಅಲ್ಲಿಯೇ? ಊರು ದಾವಣಗೆರೆಯಷ್ಟು ದೊಡ್ಡದೇ? ಪೇಟೆಗೆಂದು ಅವರು ಮೆಟಚನ್‌ಗೆ ಹೋಗುತ್ತಾರೆ. ಎಡಿಸನ್‌ಗೆ ತನ್ನದೇ ಪೇಟೆಯಿಲ್ಲವೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಥಾಮಸ್ ಆಲ್ವ ಎಡಿಸನ್ ಹುಟ್ಟಿದ್ದು 1847ರಲ್ಲಿ, ಒಹಾಯೊ ರಾಜ್ಯದ ಮಿಲಾನ್‌ನಲ್ಲಿ. ನಿಮ್ಮ ಮಗಳಿರುವ ಊರಿನೊಳಗಿನ ಮೆನ್ಲೊ ಪಾರ್ಕ್‌ನಲ್ಲಿ ಆತ 1876ರಲ್ಲಿ ಪ್ರಯೋಗಾಲಯ ತೆರೆದ; ಮರುವರ್ಷ ಧ್ವನಿಯನ್ನು ಮುದ್ರಿಸಿ ಮತ್ತೆ ಕೇಳಿಸುವ ಫೋನೋಗ್ರಾಫ್, 1879ರಲ್ಲಿ ಬಹುಕಾಲ ಉರಿಯುವ ವಿದ್ಯುದ್ದೀಪ ಅಲ್ಲಿ ಸಿದ್ಧವಾದವು. ದಕ್ಷಿಣದ ಅಂಚಿನಲ್ಲಿ ಹರಿಯುವ ನದಿಯ ಹೆಸರಿನಂತೆ ರಾರಿಟನ್ ಟೌನ್‌ಶಿಪ್ ಎನಿಸಿಕೊಂಡಿದ್ದ ಈ ಊರು ತನ್ನ ಹೆಸರನ್ನು ಎಡಿಸನ್ ಎಂದು ಬದಲಿಸಿಕೊಂಡದ್ದು 1954ರಲ್ಲಿ, ಅಂದರೆ ಆತ ತೀರಿಕೊಂಡು 23 ವರ್ಷಗಳಾದ ಮೇಲೆ. ಆ ಪ್ರಯೋಗಾಲಯವನ್ನು ನೋಡಬೇಕೆಂದರೆ ಮಾತ್ರ ಮಿಷಿಗನ್ ರಾಜ್ಯಕ್ಕೇ ಹೋಗಬೇಕು, ಏಕೆಂದರೆ ಹೆನ್ರಿ ಫೋರ್ಡ್ ಅದನ್ನು ಅಲ್ಲಿನ ಡಿಯರ್‌ಬಾರ್ನ್‌ನಲ್ಲಿ ಮರುನಿರ್ಮಿಸಿದ. ಮೆನ್ಲೊ ಪಾರ್ಕ್‌ನಲ್ಲಿರುವುದು 131 ಅಡಿ ಎತ್ತರದ ಸ್ಮಾರಕ ಗೋಪುರ ಮತ್ತು ಅದರ ನೆತ್ತಿಯ ಮೇಲಿನ ಭಾರಿ ಗಾಜಿನ ಬಲ್ಬು.

ಪೇಟೆಯ ಪ್ರಶ್ನೆ ಇನ್ನೂ ಸ್ವಾರಸ್ಯಕರವಾದುದು. ಹಳೆಯ ಪೇಟೆ ಬೆಳೆದಿದ್ದ ಮೆಟಚನ್, 1900ರಲ್ಲಿ ರಾರಿಟನ್ ಟೌನ್‌ಶಿಪ್‌ನಿಂದ ಬೇರ್ಪಟ್ಟು ಸ್ವತಂತ್ರ ಪುರಸಭೆಯಾಯಿತು. ಉದ್ದಿನವಡೆಯ ನಡುವಿನ ತೂತಿನಂತೆ ಅದು ಇಂದಿಗೂ ಸುತ್ತಲೂ ಎಡಿಸನ್‌ನಿಂದಲೇ ಆವೃತವಾಗಿದೆ. ಉಳಿದ ಊರಿಗೆ ನಮ್ಮ ಮಂಡಿಪೇಟೆಯಂಥ ಒಂದು ನಡುಮಧ್ಯವಿಲ್ಲ. ಹೆದ್ದಾರಿಗಳ ನಡುವೆ ಹರಡಿದ ಬಡಾವಣೆಗಳು, ಮಾಲ್‌ಗಳು, ಗೋದಾಮುಗಳು ಸೇರಿಯೇ ಎಡಿಸನ್. ನಮ್ಮವರು ದಿನಸಿಗೆ, ಸೀರೆಗೆ, ಚಿನ್ನಕ್ಕೆ ಹೋಗುವ ಓಕ್ ಟ್ರೀ ರಸ್ತೆಯೂ ಅರ್ಧ ಇಲ್ಲಿದ್ದು ಇನ್ನರ್ಧ ನೆರೆಯ ಐಸೆಲಿನ್‌ಗೆ ಸೇರಿದೆ.

ಎಡಿಸನ್‌ನ ವಿಸ್ತೀರ್ಣ ಸುಮಾರು 79 ಚದರ ಕಿಲೋಮೀಟರ್. 2020ರ ಗಣತಿಯಂತೆ ಜನಸಂಖ್ಯೆ 1,07,588. ದಾವಣಗೆರೆ ನಗರ 2011ರಲ್ಲೇ ನಾಲ್ಕು ಲಕ್ಷ ದಾಟಿದ್ದರಿಂದ ಹೋಲಿಕೆಗೆ ಅವಕಾಶವೇ ಇಲ್ಲ. ಆದರೆ ಬೆಳೆದ ವೇಗ ಗಮನಾರ್ಹ: 1950ರಲ್ಲಿ 16,348 ಇದ್ದವರು 1960ಕ್ಕೆ 44,799 ಆದರು. ಎರಡನೆಯ ಮಹಾಯುದ್ಧದ ನಂತರ ಫೋರ್ಡ್ ಕಾರು ಕಾರ್ಖಾನೆ ಬಂದದ್ದು, ನ್ಯೂಯಾರ್ಕ್‌ಗೆ ದಿನವೂ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರವಿರುವುದು ಇದಕ್ಕೆ ಮುಖ್ಯ ಕಾರಣಗಳು. ಭಾರತೀಯರು ನೆಲೆಯೂರಿದ್ದು ತಡವಾಗಿ, ಆದರೂ 2010ರ ಹೊತ್ತಿಗೇ ಜನಸಂಖ್ಯೆಯ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಭಾರತ ಮೂಲದವರಾಗಿದ್ದರು.