ಉಪಗ್ರಹಗಳಿರುವಾಗ ಕಾಡಿನ ಹುಳು ಹುಡುಕಲು ನಡೆದೇ ಹೋಗಬೇಕೆ?

ಕೆನಡಾದಂಥ ದೇಶದಲ್ಲಿ ಇಷ್ಟೊಂದು ಉಪಗ್ರಹಗಳಿದ್ದರೂ ಕಾಡಿನ ಕೀಟಬಾಧೆ ಪತ್ತೆಗೆ ಜನ ಏಕೆ ಮರದಿಂದ ಮರಕ್ಕೆ ಅಲೆಯಬೇಕು ಎಂದು ಕೇಳಿದ್ದೀರಿ. ಆಲ್ಬರ್ಟಾದಲ್ಲಿ ನಾನು ಮಾಡುವುದು ಇದೇ ಕೆಲಸ. ಮೇಲಿನಿಂದ ನಮ್ಮ ಕಣ್ಣಿಗೆ ಬೀಳುವ ಮರವನ್ನು ಹುಳು ಅಷ್ಟರಲ್ಲಾಗಲೇ ಬಿಟ್ಟುಹೋಗಿರುತ್ತದೆ, ಅದಕ್ಕೇ ಅಲೆಯುತ್ತೇವೆ.

ಇಲ್ಲಿನ ಪೈನ್ ಮರಗಳನ್ನು ಕೊಲ್ಲುವುದು ಮೌಂಟನ್ ಪೈನ್ ಬೀಟಲ್ ಎಂಬ, ಅಕ್ಕಿಕಾಳಿನಷ್ಟು ದೊಡ್ಡ ಕಪ್ಪು ದುಂಬಿ. ಬೇಸಿಗೆಯಲ್ಲಿ ಹಿಂಡಾಗಿ ಬಂದು ತೊಗಟೆ ಕೊರೆದು ಮೊಟ್ಟೆಯಿಡುತ್ತದೆ. ಅದು ಹೊತ್ತು ತರುವ ಶಿಲೀಂಧ್ರ ಕಾಂಡದಲ್ಲಿ ನೀರೇರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಮರದ ಕಥೆ ಅಲ್ಲಿಗೆ ಮುಗಿಯಿತು. ಆದರೂ ಎಲೆ ಹಸಿರಾಗಿಯೇ ಇರುತ್ತದೆ, ಕೆಂಪಾಗುವುದು ಮರುವರ್ಷ. ಬೇಸಿಗೆಯ ಕೊನೆಯಲ್ಲಿ ಹೆಲಿಕಾಪ್ಟರ್‌ನಿಂದ ಆ ಕೆಂಪು ಮರಗಳನ್ನು ಗುರುತಿಸುವ ಹೊತ್ತಿಗೆ ಹೊಸ ಪೀಳಿಗೆ ಹಾರಿಹೋಗಿ ಪಕ್ಕದ ಹಸಿರು ಮರಗಳನ್ನು ಸೇರಿರುತ್ತದೆ.

ಹಾಗಾಗಿ ಕೆಂಪು ಮರದಿಂದ ಹೊರಟು ಸುತ್ತಲಿನ ಒಂದೊಂದು ಕಾಂಡವನ್ನೂ ನೋಡುತ್ತೇವೆ. ದುಂಬಿಯನ್ನು ಹೊರದಬ್ಬಲು ಮರ ಸುರಿಸಿದ ರಾಳ ತೊಗಟೆಯ ಮೇಲೆ ಗಂಟುಗಂಟಾಗಿ ಕೂತಿರುತ್ತದೆ. ಗಂಟಿನಲ್ಲಿ ದುಂಬಿ ಸಿಕ್ಕಿ ಸತ್ತಿದ್ದರೆ ಆ ಮಟ್ಟಿಗೆ ಮರ ಗೆದ್ದಿದೆ. ನೋಡಿದಾಗ ನಿಜಕ್ಕೂ ಸಂತೋಷವಾಗುತ್ತದೆ. ರಾಳದಲ್ಲಿ ಕಂದು ಹುಡಿ ಬೆರೆತು, ಬುಡದಲ್ಲೂ ಹುಡಿ ಉದುರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಬರಗಾಲದ ವರ್ಷ ರಾಳವೇ ಬಾರದೆ ಬರೀ ಹುಡಿ ಇರುವುದೂ ಉಂಟು. ಕೊಡಲಿಯಿಂದ ಚೂರು ತೊಗಟೆ ಎಬ್ಬಿಸಿದರೆ ಮೇಲಕ್ಕೆ ಸಾಗಿದ ಉದ್ದನೆಯ ಸುರಂಗ, ಅದರ ಎರಡೂ ಬದಿಗೆ ಅಡ್ಡಡ್ಡ ಕೊರೆಯುತ್ತಿರುವ ಬಿಳಿ ಮರಿಹುಳುಗಳು. ಅಂಥ ಮರಕ್ಕೆ ಗುರುತು ಹಾಕುತ್ತೇವೆ. ದುಂಬಿಗಳ ಮುಂದಿನ ಹಾರಾಟಕ್ಕೆ ಮೊದಲೇ, ಚಳಿಗಾಲದಲ್ಲಿ ಅದನ್ನು ಕಡಿದು ಸುಡುತ್ತಾರೆ.

ಇಷ್ಟು ಶ್ರಮ ಬೇಕೇ ಎನ್ನುವವರು ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾವನ್ನು ನೋಡಬೇಕು. 1990ರ ದಶಕದಲ್ಲಿ ಶುರುವಾದ ಹಾವಳಿ ಅಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ಹಬ್ಬಿತು. 2006ರಲ್ಲಿ ಗಾಳಿಯ ಬೆನ್ನೇರಿ ರಾಕಿ ಪರ್ವತ ದಾಟಿದ ದುಂಬಿಗಳು ಆಲ್ಬರ್ಟಾದಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದಿಳಿದವು. ಮೈನಸ್ 40 ಡಿಗ್ರಿ ಆಸುಪಾಸಿನ ಚಳಿ ಕೆಲವು ದಿನ ಬಿಡದೆ ಕೊರೆದರೆ ಮರಿಹುಳುಗಳು ಸಾಯುತ್ತವೆ. ಆದರೆ ಅಂಥ ಚಳಿಗಾಲಗಳು ಅಪರೂಪವಾಗುತ್ತಿವೆ. ಚಳಿ ಬಂದರೂ ಬುಡದ ಹಿಮದ ಹೊದಿಕೆಯಡಿ ಒಂದಷ್ಟು ಉಳಿದುಕೊಳ್ಳುತ್ತವೆ.

ಎಷ್ಟು ಉಳಿದವು ಎಂದು ತಿಳಿಯಲು ವಸಂತದಲ್ಲಿ ತೊಗಟೆಯ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ ಜೀವಂತ ಹುಳುಗಳನ್ನು ಎಣಿಸುತ್ತೇವೆ. ದುಂಬಿ ಒಳಹೊಕ್ಕ ರಂಧ್ರಗಳ ಸಂಖ್ಯೆಯೊಡನೆ ಅದನ್ನು ಹೋಲಿಸಿದರೆ ಸಂತತಿ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಮುಂದೆ ಯಾವ ಕಣಿವೆಗೆ ಮೊದಲು ಜನರನ್ನು ಕಳುಹಿಸಬೇಕು ಎಂಬುದನ್ನು ಈ ಲೆಕ್ಕ ನೋಡಿಯೇ ತೀರ್ಮಾನಿಸುತ್ತಾರೆ.